ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್ ಇಳಿಸಿಕೊಡುವುದಾಗಿ ಪಡೆದ ಶುಲ್ಕ ಮರಳಿಸುವ ಕುರಿತು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕರ ದೂರು ವಿಭಾಗ

ಮಾನ್ಯರೇ,

ಇಂಗ್ಲೆಂಡಿನಲ್ಲಿ ನಾವು ಬಾಡಿಗೆಗಿರುವ ಮನೆಯ ಕೌನ್ಸಿಲ್ ಟ್ಯಾಕ್ಸನ್ನು (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ‘ಡಿ’ ಬ್ಯಾಂಡಿನಿಂದ, ಅಂದರೆ ಮನೆಯ ಬೆಲೆಗೆ ತಕ್ಕ ತೆರಿಗೆ ದರ್ಜೆಯಿಂದ, ‘ಸಿ’ಗೆ ಇಳಿಸಿಕೊಡುವುದಾಗಿ ಹೇಳಿ ನಿಮ್ಮ ಸಂಸ್ಥೆ ಮುಂಗಡ ಶುಲ್ಕ ಪಡೆದಿತ್ತು. ಅರ್ಜಿ ತಿರಸ್ಕೃತವಾಗಿದೆ. ನನ್ನ ತಕರಾರು ಅದಕ್ಕಲ್ಲ, ನೀವು ನಮ್ಮ ಹೆಸರಿನಲ್ಲಿ ಸಲ್ಲಿಸಿದ ಕಾಗದಗಳಿಗೆ. ನಿಮ್ಮ ಪ್ರತಿನಿಧಿ ಕನ್ನಡದಲ್ಲೇ ಮಾತಾಡಿ ಒಪ್ಪಿಸಿದರು, ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಬ್ಯಾಂಡ್ ನಿರ್ಧಾರವಾಗುವುದು ಇವತ್ತಿನ ಬೆಲೆಯ ಮೇಲಲ್ಲ. 1991ರ ಏಪ್ರಿಲ್ 1ರಂದು ಆ ಮನೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂಬುದರ ಮೇಲೆ. 68,000 ಪೌಂಡ್ ದಾಟಿ 88,000ದವರೆಗಿನದು ‘ಡಿ’. ನೀವು ಲಗತ್ತಿಸಿದ್ದು ಪಕ್ಕದ ಮನೆಯ ಇತ್ತೀಚಿನ ಮಾರಾಟದ ಜಾಹೀರಾತು! ಎದುರಿನ ಸಾಲಿನಲ್ಲಿ ಅದೇ ಬಿಲ್ಡರ್ ಕಟ್ಟಿದ, ಅಷ್ಟೇ ಕೋಣೆಗಳ, ಅಷ್ಟೇ ಅಳತೆಯ ಮನೆಗಳು ‘ಸಿ’ಯಲ್ಲಿವೆ. ಅವುಗಳ ವಿಳಾಸಗಳನ್ನು ನಾನೇ ಇಮೇಲ್ ಮಾಡಿದ್ದೆ. ಬ್ಯಾಂಡ್ ನಿರ್ಧರಿಸುವ ಸರ್ಕಾರಿ ಕಚೇರಿ ಕೇಳುವುದೂ ಇಂಥದ್ದನ್ನೇ, ಇಲ್ಲವೇ 1989ರ ಏಪ್ರಿಲ್‌ನಿಂದ 1993ರ ಮಾರ್ಚ್‌ವರೆಗಿನ ಮಾರಾಟದ ದಾಖಲೆಯನ್ನು. ನಿಮ್ಮ ಅರ್ಜಿಯಲ್ಲಿ ಆ ವಿಳಾಸಗಳ ಸುಳಿವೇ ಇಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ತಡದಿಂದಾಯಿತು. ಹೊಸದಾಗಿ ತೆರಿಗೆದಾರರಾದವರು ಆರು ತಿಂಗಳೊಳಗೆ ವಿಧಿವತ್ತಾಗಿ ಬ್ಯಾಂಡನ್ನು ಪ್ರಶ್ನಿಸಿದರೆ, ಉತ್ತರ ಒಪ್ಪಿಗೆಯಾಗದಿದ್ದಾಗ ಟ್ರಿಬ್ಯುನಲ್‌ಗೆ ಮೇಲ್ಮನವಿ ಹಾಕಬಹುದು. ಎರಡಕ್ಕೂ ಶುಲ್ಕವಿಲ್ಲ. ನಾವು ಮನೆಗೆ ಬಂದ ಹೊಸತರಲ್ಲೇ ಸಹಿ ಮಾಡಿ ಕೊಟ್ಟ ಕಾಗದಗಳನ್ನು ಆ ಗಡುವು ಮುಗಿಯುವ ತನಕ ಇಟ್ಟುಕೊಂಡು, ಆಮೇಲೆ ಬರೀ ಮರುಪರಿಶೀಲನೆ ಕೇಳಿದ್ದೀರಿ. ನಮ್ಮ ಮೇಲ್ಮನವಿಯ ದಾರಿ ಹೀಗೆ ಮುಚ್ಚಿತು. ಮರುಪರಿಶೀಲನೆಯಲ್ಲಿ ಬ್ಯಾಂಡ್ ಏರಲೂಬಹುದು ಎಂಬ ಮಾತನ್ನಂತೂ ಯಾರೂ ಎತ್ತಲಿಲ್ಲ.

ಬ್ಯಾಂಡ್ ಇಳಿದರೆ ಬಾಡಿಗೆ ನೆರವೂ ಹೆಚ್ಚುತ್ತದೆ ಎಂದು ನಿಮ್ಮ ಪ್ರತಿನಿಧಿ ನನ್ನ ಹೆಂಡತಿಯನ್ನು ನಂಬಿಸಿದರು. ಇದು ಶುದ್ಧ ಸುಳ್ಳು. ಖಾಸಗಿ ಬಾಡಿಗೆದಾರರಿಗೆ ಸಿಗುವ ಬಾಡಿಗೆ ನೆರವಿನ ಮಿತಿ ಗೊತ್ತುಮಾಡುವ ಲೋಕಲ್ ಹೌಸಿಂಗ್ ಅಲೋಯನ್ಸ್‌ಗೆ ರೆಂಟ್ ಆಫೀಸರ್‌ಗಳು ಆ ಪ್ರದೇಶದ ಖಾಸಗಿ ಬಾಡಿಗೆಗಳನ್ನು ಕಲೆಹಾಕುತ್ತಾರೆ. ಮಲಗುವ ಕೋಣೆಗಳ ಲೆಕ್ಕದಲ್ಲಿ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನೂರರಲ್ಲಿ ಮೂವತ್ತನೆಯ ಸ್ಥಾನದ ಬಾಡಿಗೆಯೇ ಆ ದರಕ್ಕೆ ಆಧಾರ. ಸರ್ಕಾರ ಅದನ್ನು ಕೆಲವು ವರ್ಷ ಹಾಗೇ ನಿಲ್ಲಿಸಿಡುವುದೂ ಉಂಟು. ನಮ್ಮ ಬ್ಯಾಂಡ್ ಈ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ. ಇನ್ನು ನಿಮ್ಮ ಕರಪತ್ರದ ‘ಅರ್ಧಕ್ಕರ್ಧ ಉಳಿತಾಯ’! ‘ಸಿ’ಯವರು ಕಟ್ಟುವುದು ‘ಡಿ’ಯವರ ತೆರಿಗೆಯ ಒಂಬತ್ತರಲ್ಲಿ ಎಂಟು ಪಾಲು. ಉಳಿಯುವುದು ಒಂದೇ ಪಾಲು.

ಆದ್ದರಿಂದ ಪೂರ್ತಿ ಶುಲ್ಕವನ್ನು 14 ದಿನಗಳೊಳಗೆ ಮರಳಿಸಿ. ನಮ್ಮ ಪರವಾಗಿ ಕಚೇರಿಯೊಂದಿಗೆ ನಡೆಸಿದ ಪತ್ರವ್ಯವಹಾರದ ಪ್ರತಿಗಳನ್ನು, ಪ್ರತಿಯೊಂದನ್ನೂ ಕಳಿಸಿದ ದಿನಾಂಕದ ಸಮೇತ ಕೊಡಿ. ನಿಮಗೆ ಕೊಟ್ಟಿದ್ದ ಅಧಿಕಾರಪತ್ರವನ್ನು ಇಂದಿನಿಂದಲೇ ಹಿಂಪಡೆದಿದ್ದೇನೆ. ಗಡುವು ದಾಟಿದರೆ ಸ್ಮಾಲ್ ಕ್ಲೇಮ್ಸ್‌ಗೆ (ಸಣ್ಣ ಮೊತ್ತದ ದಾವೆಗಳ ನ್ಯಾಯಾಲಯಕ್ಕೆ) ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ