ಮಗಳ ಕೋಣೆಗೊಂದು ಕನಸಿನ ಬಲೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಮಗಳ ಕೋಣೆಗೆ ಒಂದು ಡ್ರೀಮ್‌ಕ್ಯಾಚರ್ ಕಳಿಸು ಅಂತ ಬರೆದಿದ್ದೀಯ. ಕೊಂಡು ಕಳಿಸುವುದು ನನಗೇನೂ ಕಷ್ಟವಲ್ಲ ಮಾರಾಯ. ಆದರೆ ಅದನ್ನು ನೀನೇ ಮಾಡಬೇಕು ಅನ್ನುವುದು ನನ್ನ ಆಸೆ. ನೀನೂ ಸುಮಾನೂ ಕೂತರೆ ಒಂದು ಸಂಜೆಯ ಕೆಲಸ. ಯಾಕೆ ಅಂತ ಹೇಳಬೇಕಾದರೆ, ಅದು ಎಲ್ಲಿಂದ ಬಂತು ಅನ್ನುವುದರಿಂದ ಶುರು ಮಾಡಬೇಕು.

ಅದು ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನರದ್ದು. ನಾನಿರುವ ಈ ಮಿನಿಸೋಟ ಅವರದೂ ನೆಲ. ಇವತ್ತಿಗೂ ಈ ರಾಜ್ಯದಲ್ಲಿ ಅವರ ಏಳು ಮೀಸಲು ಪ್ರದೇಶಗಳಿವೆ. ಅವರ ಕಥೆಯಲ್ಲಿ ಅಸಿಬಿಕಾಶಿ ಅಂತ ಒಬ್ಬ ಜೇಡರ ತಾಯಿ ಇದ್ದಾಳೆ. ಮಕ್ಕಳನ್ನು ಕಾಯುವವಳು ಅವಳು. ಜನ ದೂರ ದೂರ ಹರಡಿಕೊಂಡ ಮೇಲೆ ಪ್ರತಿ ಕೂಸಿನ ಹತ್ತಿರವೂ ಹೋಗುವುದು ಅವಳಿಗೆ ಕಷ್ಟವಾಯಿತಂತೆ. ಆಗ ಅವಳ ಬದಲಿಗೆ ತಾಯಂದಿರು, ಅಜ್ಜಿಯಂದಿರು ವಿಲೋ ಮರದ ಎಳೆಯ ಬರಲನ್ನು ಬಗ್ಗಿಸಿ, ನಾರಿನಿಂದ ಬಲೆ ಹೆಣೆದು ಮಗುವಿನ ತಲೆಯ ಹತ್ತಿರ ತೂಗುಹಾಕಿದರು. ಕೆಟ್ಟ ಕನಸು ಬಲೆಗೆ ಸಿಕ್ಕಿಕೊಂಡು ಬೆಳಗಿನ ಬಿಸಿಲಿಗೆ ಕರಗುತ್ತದೆ, ಒಳ್ಳೆಯ ಕನಸು ನಡುವಿನ ತೂತಿನಿಂದ ಇಳಿದು ಬರುತ್ತದೆ ಅನ್ನುತ್ತಾರೆ. ಲಕೋಟ ಅನ್ನುವ ಇನ್ನೊಂದು ಮೂಲನಿವಾಸಿ ಜನರಲ್ಲಿ ಪ್ರಚಾರದಲ್ಲಿರುವ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಒಳ್ಳೆಯದು ಬಲೆಯಲ್ಲಿ ಉಳಿಯುತ್ತದೆ, ಕೆಟ್ಟದ್ದು ತೂತಿನಿಂದ ಹೊರಟುಹೋಗುತ್ತದೆ.

ಫ್ರಾನ್ಸಿಸ್ ಡೆನ್ಸ್‌ಮೋರ್ ಅನ್ನುವವರು ಇದೇ ಮಿನಿಸೋಟದ ರೆಡ್ ವಿಂಗ್ ಊರಿನವರು. ಒಜಿಬ್ವೆ ಜನರ ಹಾಡು, ಅಡುಗೆ, ಔಷಧಿ, ಬಾಣಂತನ ಎಲ್ಲವನ್ನೂ ಕೇಳಿ ಬರೆದಿಟ್ಟರು. ಸ್ಮಿತ್‌ಸೋನಿಯನ್ ಸಂಸ್ಥೆ 1929ರಲ್ಲಿ ಅದನ್ನು ಪುಸ್ತಕವಾಗಿ ತಂದಿತು. ಅದರಲ್ಲಿ ಈ ಬಲೆಯ ಬಗ್ಗೆ ಇರುವುದು ಕೆಲವೇ ಸಾಲು. ಸುಮಾರು ಮೂರೂವರೆ ಇಂಚು ಅಗಲದ ಮರದ ರಿಂಗು, ಒಳಗೆ ಸಾಮಾನ್ಯವಾಗಿ ಕೆಂಪು ಬಣ್ಣ ಹಾಕಿದ ಸಣ್ಣ ನೂಲಿನ ಜೇಡರ ಬಲೆ. ಇನ್ನೂ ಹಿಂದೆ, ಮುಟ್ಟಿದರೆ ತುರಿಸುವ ನೆಟಲ್ ಗಿಡದ ನಾರಿನಲ್ಲೇ ಹೆಣೆಯುತ್ತಿದ್ದರು. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟುವ ಹಲಗೆ ಇರುತ್ತಿತ್ತು. ಅದರ ತಲೆಯ ಕಡೆ, ಹಲಗೆ ಮಗುಚಿದರೂ ಮಗುವಿನ ತಲೆಗೆ ಪೆಟ್ಟಾಗದ ಹಾಗೆ ಒಂದು ಬಾಗಿದ ಕಮಾನು. ಆ ಕಮಾನಿಗೆ ಇಂಥ ಎರಡು ಬಲೆ ಕಟ್ಟುತ್ತಿದ್ದರು. ಗಾಳಿಯಲ್ಲಿ ಏನಾದರೂ ಕೆಡುಕು ಇದ್ದರೆ ಅದನ್ನು ಹಿಡಿಯಲಿ ಅಂತ. ಅಷ್ಟೇ. ಅಂಗೈಯಷ್ಟು ಸಣ್ಣದು, ಆ ಮಗುವಿಗೆ ಮಾತ್ರ ಸೇರಿದ್ದು. ಸೋಫಾದ ಹಿಂದಿನ ಗೋಡೆ ತುಂಬುವ, ಗೊಂಚಲು ಗೊಂಚಲು ಗರಿ ಇಳಿಬಿಟ್ಟದ್ದು ಬಹಳ ಈಚಿನದು. ನನಗೆ ಸಣ್ಣದೇ ಇಷ್ಟ.

ಇನ್ನೊಂದು ವಿಷಯ ನಿನಗೆ ಗೊತ್ತಿರಬೇಕು. ಮಕ್ಕಳಿಗಾಗಿ ಈ ಬಲೆ ಹೆಣೆದವರ ಮಕ್ಕಳನ್ನೇ ಮನೆಯಿಂದ ಕರೆದೊಯ್ದ ಕಾಲವೊಂದಿತ್ತು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಸರ್ಕಾರದ ವಸತಿ ಶಾಲೆ ಶುರುವಾಯಿತು. ಅದೇ ಮಾದರಿಯ ಶಾಲೆಗಳು ದೇಶದ ತುಂಬ ಎದ್ದವು, ಮಿನಿಸೋಟದಲ್ಲೂ. ಅಲ್ಲಿ ಮೂಲನಿವಾಸಿ ಮಕ್ಕಳ ಜುಟ್ಟು ಕತ್ತರಿಸಿದರು, ಹೆಸರು ಬದಲಿಸಿದರು, ಮನೆಮಾತು ಆಡಿದರೆ ಶಿಕ್ಷೆ ಕೊಟ್ಟರು. ಎಷ್ಟೋ ಮಕ್ಕಳು ವಾಪಸ್ ಬರಲೇ ಇಲ್ಲ. ಅಮೆರಿಕದ ಅಧ್ಯಕ್ಷರು ಇದಕ್ಕೆ ಕ್ಷಮೆ ಕೇಳಿದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟೆಲ್ಲ ಆದಮೇಲೂ ಈ ಹೆಣಿಗೆ ಉಳಿದಿದೆ ಅಂದರೆ, ಯಾವುದೋ ಅಜ್ಜಿ ಅದನ್ನು ಬಿಡದೆ ಮೊಮ್ಮಗಳ ಕೈಗೆ ದಾಟಿಸಿದ್ದಾಳೆ ಅಂತ ತಾನೆ? ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ರಿಂಗಿಗೆ ಅಂಟಿಸಿದ ಬಲೆ ನೋಡಿದರೆ ನನಗೆ ಸಂಕಟವಾಗುವುದು ಇದಕ್ಕೇ. ಮಗುವಿನ ಮನೆಯವರೇ ಕೂತು ಹೆಣೆಯಬೇಕಾದ ವಸ್ತು ಅದು.

ಸರಿ, ಈಗ ಮಾಡುವ ಬಗೆ.

ವಿಲೋ ನಿಮ್ಮ ಸಾಗರದ ಕಡೆ ಸುಲಭಕ್ಕೆ ಸಿಗಲಿಕ್ಕಿಲ್ಲ. ನಿಮ್ಮ ತೋಟದ ಬೇಲಿ ತುಂಬ ಲಂಟಾನ ಇದೆ ಅಲ್ವಾ, ಅದನ್ನೇ ತಗೋ. ಅದೂ ಅಮೆರಿಕ ಖಂಡದಿಂದ ಬಂದ ಗಿಡವೇ. ಬ್ರಿಟಿಷರ ಕಾಲದಲ್ಲಿ ಹೂವಿನ ಚೆಂದಕ್ಕೆ ತಂದು ನೆಟ್ಟದ್ದು, ಈಗ ಕಾಡನ್ನೇ ನುಂಗುತ್ತಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ನಿನಗೆ ಬೇಕಾದದ್ದು ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ಹಸಿ ಕಡ್ಡಿ. ಎಳೆಯ ಕಡ್ಡಿಗೆ ನಾಲ್ಕು ಮೂಲೆ ಇರುತ್ತದೆ, ಮೂಲೆಯುದ್ದಕ್ಕೂ ಸಣ್ಣ ಮುಳ್ಳು. ಚಾಕುವಿನ ಹಿಂಬದಿಯಿಂದ ಉಜ್ಜಿದರೆ ಉದುರುತ್ತವೆ. ಸಿಪ್ಪೆ ಸಲೀಸಾಗಿ ಬಿಡುವವರೆಗೆ ನೀರಲ್ಲಿ ಬೇಯಿಸು. ದನ ತಿಂದರೂ ವಿಷವಾಗುವ ಗಿಡ ಅದು, ಹಾಗಾಗಿ ಅಡುಗೆ ಪಾತ್ರೆ ಬೇಡ. ಯಾವುದಾದರೂ ಹಳೇ ಡಬ್ಬ ಹುಡುಕು. ಬಿಸಿ ಇರುವಾಗಲೇ ಸುಲಿದು, ನಿಧಾನಕ್ಕೆ ಬಗ್ಗಿಸಿ, ನಾಲ್ಕು ಇಂಚು ಅಗಲದ ರಿಂಗು ಮಾಡಿ, ಎರಡು ತುದಿ ಸೇರಿಸಿ ಕಟ್ಟಿ ನೆರಳಲ್ಲಿ ಒಣಗಿಸು. ಇಷ್ಟೆಲ್ಲ ಪುರಸೊತ್ತಿಲ್ಲ ಅಂದರೆ ಕಸೂತಿ ಹಾಕುವ ಮರದ ರಿಂಗು ಸಾಕು.

ದಾರ ಹತ್ತಿಯದ್ದೇ ಇರಲಿ. ನೈಲಾನ್ ಜಾರುತ್ತದೆ, ಕುಣಿಕೆ ನಿಲ್ಲಲ್ಲ. ಕ್ರೋಶಾ ದಾರ ಎರಡು ಮಾರು ತಗೋ. ಸ್ವಲ್ಪ ಮಿಗುತ್ತದೆ, ಮಿಗಲಿ. ನಡುವೆ ಸಾಲದೆ ಗಂಟು ಹಾಕಿದರೆ ಆ ಗಂಟೇ ಎದ್ದು ಕಾಣುತ್ತದೆ. ಕೆಂಪು ಸಿಕ್ಕರೆ ಇನ್ನೂ ಚೆನ್ನ.

ದಾರದ ಒಂದು ತುದಿಯನ್ನು ರಿಂಗಿಗೆ ಗಟ್ಟಿಯಾಗಿ ಕಟ್ಟು. ಅಲ್ಲಿಂದ ಒಂದೂವರೆ ಇಂಚು ಬಿಟ್ಟು ದಾರವನ್ನು ರಿಂಗಿನ ಮೇಲಿನಿಂದ ಹಿಂದಕ್ಕೆ ಸುತ್ತಿ, ಮುಂದೆ ಉಳಿದ ಕುಣಿಕೆಯೊಳಗಿಂದ ಹೊರಗೆಳೆ. ನಿಮ್ಮಮ್ಮ ಮಲ್ಲಿಗೆ ಕಟ್ಟುವಾಗ ಬಾಳೆನಾರನ್ನು ಬೆರಳಲ್ಲಿ ತಿರುಗಿಸಿ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೈಚಳಕ. ಅವರನ್ನು ಪಕ್ಕದಲ್ಲಿ ಕೂರಿಸಿಕೋ, ನಿನಗಿಂತ ಬೇಗ ಹಿಡಿದುಬಿಡುತ್ತಾರೆ. ಹೀಗೆ ಸಮ ದೂರದಲ್ಲಿ ಎಂಟು ಕುಣಿಕೆ. ಜೇಡಕ್ಕೆ ಎಂಟು ಕಾಲು, ಅದಕ್ಕೇ ಎಂಟು ಅನ್ನುತ್ತಾರೆ. ಎಂಟನೆಯದು ಮೊದಲ ಗಂಟಿಗಿಂತ ಅರ್ಧ ಇಂಚು ಹಿಂದೆಯೇ ಬರುತ್ತದೆ. ಅಲ್ಲಿ ಮುಗಿಸಬೇಡ.

ಎರಡನೇ ಸುತ್ತಿನಿಂದ ರಿಂಗನ್ನು ಮರೆತುಬಿಡು. ಮೊದಲ ಗಂಟಿಗೂ ಮೊದಲ ಕುಣಿಕೆಗೂ ನಡುವೆ ದಾರ ಇದೆಯಲ್ಲ, ಅದರ ಸರಿಯಾದ ಮಧ್ಯಕ್ಕೆ ಕುಣಿಕೆ ಹಾಕು. ಎಳೆದ ತಕ್ಷಣ ನೆಟ್ಟಗಿದ್ದ ದಾರ ಒಳಕ್ಕೆ ಬಾಗುತ್ತದೆ. ಮುಂದಿನ ದಾರದ ಮಧ್ಯಕ್ಕೆ ಮತ್ತೊಂದು. ಒಂದು ಸುತ್ತು ಮುಗಿಯುವ ಹೊತ್ತಿಗೆ ಡೈಮಂಡ್ ಆಕಾರದ ಮನೆಗಳು ಕಾಣಲು ಶುರುವಾಗುತ್ತವೆ. ಆ ಕ್ಷಣ ನನಗೆ ತುಂಬ ಪ್ರೀತಿ. ಅಲ್ಲಿವರೆಗೆ ಸುಮ್ನೆ ದಾರ ಅನ್ನಿಸುತ್ತಿದ್ದದ್ದು ತಟ್ಟನೆ ಬಲೆ ಆಗಿರುತ್ತದೆ. ದಾರ ಬಿಗಿಯಾಗಿರಲಿ, ಆದರೆ ಜಗ್ಗಬೇಡ. ಜಾಸ್ತಿ ಜಗ್ಗಿದರೆ ಲಂಟಾನ ರಿಂಗು ಸೊಟ್ಟಗಾಗುತ್ತದೆ, ತೂತೂ ಒಂದು ಪಕ್ಕಕ್ಕೆ ಸರಿಯುತ್ತದೆ. ಒಳಗೆ ಹೋದಷ್ಟೂ ಜಾಗ ಕಿರಿದಾಗುವುದರಿಂದ ದಾರವನ್ನು ದಬ್ಬಣಕ್ಕೆ ಪೋಣಿಸಿಕೋ. ಮೂರನೇ ಸುತ್ತಿನಲ್ಲಿ ಎಲ್ಲಾದರೂ ಒಂದು ಮಣಿ ಸೇರಿಸು, ಅದೇ ಜೇಡ. ನಡುವೆ ಕಿರುಬೆರಳು ಹೋಗುವಷ್ಟು ತೂತು ಉಳಿದಾಗ ಎರಡು ಗಂಟು ಹಾಕಿ, ತುದಿಗೆ ಚೂರು ಗೋಂದು ಮುಟ್ಟಿಸಿ ಕತ್ತರಿಸು.

ಗರಿ ಕಡ್ಡಾಯವೇನಲ್ಲ. ಹಾಕಲೇಬೇಕು ಅಂದರೆ ಮನೆಯ ಕೋಳಿಯ ಉದುರಿದ ಗರಿ ಒಂದೋ ಎರಡೋ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಕಟ್ಟು. ಇಲ್ಲಿ ಹದ್ದಿನ ಗರಿಗೆ ತುಂಬ ಗೌರವ. ಕಾನೂನಿನ ಪ್ರಕಾರ ಅದನ್ನು ಧಾರ್ಮಿಕ ಕೆಲಸಕ್ಕೆ ಇಟ್ಟುಕೊಳ್ಳಬಹುದಾದವರು ಮೂಲನಿವಾಸಿ ಬುಡಕಟ್ಟುಗಳ ಸದಸ್ಯರು ಮಾತ್ರ.

ನಿನ್ನ ತಂಗಿ ಇದನ್ನು ಮಾಡಿ ಮಾರಬಹುದಾ ಅಂತ ಕೇಳಿದ್ದಾಳಲ್ಲ. ತನ್ನ ಕೈಕೆಲಸ ಅಂತ ಹೇಳಿ ಮಾರಲಿ, ಜೊತೆಗೆ ಒಜಿಬ್ವೆ ಜನರ ಹೆಣಿಗೆ ನೋಡಿ ಕಲಿತದ್ದು ಅಂತ ಒಂದು ಚೀಟಿ ಇಡಲಿ. ‘ನೇಟಿವ್ ಅಮೆರಿಕನ್ ಡ್ರೀಮ್‌ಕ್ಯಾಚರ್’ ಅಂತ ಮಾತ್ರ ಬರೆಯಬಾರದು. ಮೂಲನಿವಾಸಿಗಳು ಮಾಡದ್ದನ್ನು ಅವರದ್ದು ಅಂತ ಮಾರುವುದು ಇಲ್ಲಿ 1990ರ ಕಾಯ್ದೆಯ ಪ್ರಕಾರ ಅಪರಾಧ, ಜೈಲೂ ಆಗಬಹುದು. ಕಾಯ್ದೆ ಅಲ್ಲಿಗೆ ಬರುತ್ತದೋ ಇಲ್ಲವೋ, ಮಾಡಿದವರ ಹೆಸರು ಕಸಿಯುವುದು ಬೇಡ. ಅವರೇ ಮಾಡಿದ್ದು ಬೇಕೆನ್ನುವವರಿಗೆ ಮಿಲ್ ಲಾಕ್ಸ್ ಕೆರೆಯ ಹತ್ತಿರದ ಮ್ಯೂಸಿಯಂ ಪಕ್ಕದ ಅಂಗಡಿಯಿಂದ ನಾನು ತಂದುಕೊಡುತ್ತೇನೆ. ಬೆಲೆ ಜಾಸ್ತಿಯೇ, ಆದರೆ ನ್ಯಾಯವಾದ ಬೆಲೆ.

ತೊಟ್ಟಿಲಿಗೆ ಕಟ್ಟಬೇಡ ಮಾರಾಯ. ಮಗು ಕೈ ಚಾಚಲು ಶುರು ಮಾಡಿದರೆ ದಾರ, ಮಣಿ ಎರಡೂ ಬಾಯಿಗೇ. ಪೂರ್ವದ ಕಿಟಕಿಯ ಮೇಲೆ, ಬೆಳಗಿನ ಬಿಸಿಲು ತಾಗುವ ಕಡೆ ಮೊಳೆ ಹೊಡಿ. ನಿಮ್ಮ ಮಳೆಗಾಲದಲ್ಲಿ ಹತ್ತಿ ದಾರಕ್ಕೆ ಬೂಷ್ಟು ಹಿಡಿಯಬಹುದು. ಹಿಡಿದರೆ ಬಿಚ್ಚಿ ಹೊಸ ದಾರದಲ್ಲಿ ಹೆಣೆ, ರಿಂಗು ಅದೇ ಇರಲಿ.

ಹೆಣೆದ ಮೇಲೆ ಫೋಟೊ ಕಳಿಸು. ಎರಡನೇ ಸುತ್ತು ಎಲ್ಲಿ ಶುರು ಮಾಡಬೇಕು ಅಂತ ಗೊಂದಲವಾದರೆ ವೀಡಿಯೊ ಕಾಲ್ ಮಾಡು, ನಿಮ್ಮ ರಾತ್ರಿ ಎಂಟು ನನಗೆ ಬೆಳಗಿನ ಹೊತ್ತು, ಎದ್ದಿರುತ್ತೇನೆ. ಸುಮಾಗೆ, ಅಮ್ಮನಿಗೆ ನೆನಪು ಹೇಳು. ನಾಮಕರಣದ ದಿನ ಗೊತ್ತಾದ ತಕ್ಷಣ ತಿಳಿಸು, ರಜೆ ಹಾಕಬೇಕು.

ನಿನ್ನ,
ರಘು