ಶಾಟ್‌ಗನ್ ಸ್ಪರ್ಧೆ: ತೋಟಾ ತುಂಬುವ ಕೈಗೂ ತಾಲೀಮು ಬೇಕು

ಮಾನ್ಯ ಸಂಪಾದಕರೆ,

ಶೂಟಿಂಗ್ ಸ್ಪರ್ಧೆಗಳ ವರದಿಯಲ್ಲಿ ಎಷ್ಟು ಗುರಿ ಬಿತ್ತು, ಎಷ್ಟು ತಪ್ಪಿತು ಎಂಬ ಲೆಕ್ಕವಷ್ಟೇ ಅಚ್ಚಾಗುತ್ತದೆ. ಹಾರುವ ಮಣ್ಣಿನ ಬಿಲ್ಲೆಗಳಿಗೆ ಹೊಡೆಯುವ ಟ್ರ್ಯಾಪ್, ಸ್ಕೀಟ್‌ನಂಥ ಒಲಿಂಪಿಕ್ ವಿಭಾಗಗಳಿಗೆ ಅದು ಸಾಕು. ಅಲ್ಲಿ ಜೋಡಿ ನಳಿಗೆಯ ಕೋವಿಗೆ ಎರಡೇ ತೋಟಾ, ಬೇಗ ತುಂಬಿದವರಿಗೆ ಹೆಚ್ಚಿನ ಅಂಕವೇನೂ ಇಲ್ಲ. ಐಪಿಎಸ್‌ಸಿ (ಅಂತಾರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ) ಮಾದರಿಯ, ಜಾಗ ಬದಲಿಸುತ್ತಾ ಗಡಿಯಾರದ ಎದುರು ಗುರಿ ಹೊಡೆಯುವ ಪ್ರಾಕ್ಟಿಕಲ್ ಶಾಟ್‌ಗನ್ ಸ್ಪರ್ಧೆ ಹಾಗಲ್ಲ. 2012ರಲ್ಲಿ ಹಂಗೇರಿಯ ಡೆಬ್ರೆಸೆನ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆದ ಈ ಕ್ರೀಡೆಯಲ್ಲಿ ಗೆಲುವು ಸೋಲು ಬಹುಪಾಲು ತೀರ್ಮಾನವಾಗುವುದು ಗುಂಡು ಹಾರುವಾಗಲ್ಲ, ಖಾಲಿಯಾದ ಕೋವಿಗೆ ಕೈಯಿಂದ ತೋಟಾ ತುಂಬುವಾಗ. ಇದನ್ನು ಹೊಸಬರಿಗೆ ಹೇಳಿಕೊಡುವವರು ಕಡಿಮೆ. ಆದ್ದರಿಂದ ಈ ಪತ್ರ.

ಲೆಕ್ಕ ಸರಳ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್. ಐದೈದು ಅಂಕದ 20 ಉಕ್ಕಿನ ಗುರಿಗಳನ್ನು ಬೀಳಿಸಿದರೆ 100 ಅಂಕ. ಅದಕ್ಕೆ 25 ಸೆಕೆಂಡು ಹಿಡಿದರೆ ಫ್ಯಾಕ್ಟರ್ 4, 20 ಸೆಕೆಂಡಿಗೆ ಮುಗಿಸಿದರೆ 5. ಇಬ್ಬರೂ ಒಂದೂ ಗುರಿ ತಪ್ಪಿಸಿಲ್ಲ, ಆದರೂ ಅಂತರ ಅಷ್ಟು. ಓಪನ್ ವಿಭಾಗದಲ್ಲಿ ಕಳಚಿ ಹಾಕುವ ಮ್ಯಾಗಜೀನ್ ಇರುತ್ತದೆ. ಸ್ಟ್ಯಾಂಡರ್ಡ್ ವಿಭಾಗದಲ್ಲಿ ನಳಿಗೆಯ ಕೆಳಗಿನ ಕೊಳವೆಗೆ ಒಂದೊಂದಾಗಿ ಕೈಯಿಂದಲೇ ನೂಕಬೇಕು. ದೊಡ್ಡ ಕೋರ್ಸ್‌ನಲ್ಲಿ, ಅಂದರೆ ಒಮ್ಮೆಗೆ ಮುಗಿಸಬೇಕಾದ ಗುರಿಗಳ ದೊಡ್ಡ ಸಾಲಿನಲ್ಲಿ, 28 ತೋಟಾಗಳವರೆಗೆ ಬೇಕಾಗಬಹುದು. ಕೊಳವೆಯಲ್ಲಿ ಎಂಟೊಂಬತ್ತು ಇಟ್ಟುಕೊಂಡು ಹೊರಟರೆ ಉಳಿದ ಇಪ್ಪತ್ತನ್ನು ಓಡುತ್ತಲೇ ತುಂಬಬೇಕು. ತೋಟಾ ಒಂದಕ್ಕೆ ಒಂದು ಸೆಕೆಂಡು ಎಂದಿಟ್ಟುಕೊಂಡರೂ ಇಪ್ಪತ್ತು ಸೆಕೆಂಡು ಅಲ್ಲಿಗೇ ಹೋಯಿತು.

ಈ ತಾಲೀಮಿಗೆ ಸಜೀವ ತೋಟಾ ಬೇಡ, ಬೇಡವೇ ಬೇಡ. ಎಲ್ಲವನ್ನೂ ಡಮ್ಮಿ, ಅಂದರೆ ಮದ್ದಿಲ್ಲದ, ಸಿಡಿಯದ ತೋಟಾಗಳಲ್ಲೇ ಮಾಡಬೇಕು. ಸಜೀವ ತೋಟಾ ಒಂದೂ ಆ ಕೋಣೆಯಲ್ಲಿ ಇರಕೂಡದು. ಬೀರುವಿನಲ್ಲಿದೆ, ಚೀಲದಲ್ಲಿದೆ ಎಂಬ ಸಮಾಧಾನ ಸಾಲದು, ಬೇರೆ ಕೋಣೆಯಲ್ಲಿ ಬೀಗದೊಳಗಿರಬೇಕು. ಶುರು ಮಾಡುವ ಮುನ್ನ ಬೋಲ್ಟ್ ಹಿಂದಕ್ಕೆಳೆದು ಚೇಂಬರನ್ನು (ಹಾರುವ ತೋಟಾ ಕೂರುವ ಗೂಡು) ಕಣ್ಣಿಂದ ನೋಡಿ, ಬೆರಳಿಟ್ಟು ಮುಟ್ಟಿ. ಕೊಳವೆಯ ಬಾಯಲ್ಲಿ ಫಾಲೋವರ್ (ಸ್ಪ್ರಿಂಗ್ ತುದಿಯಲ್ಲಿದ್ದು ತೋಟಾಗಳನ್ನು ಹೊರಕ್ಕೆ ನೂಕುವ ಬಿರಡೆ) ಕಾಣುತ್ತಿದೆಯೇ ಎಂದು ನೋಡಿ. ಅದು ಕಾಣದಿದ್ದರೆ ಒಳಗೆ ಏನೋ ಉಳಿದಿದೆ ಎಂದೇ ಅರ್ಥ. ಕೋವಿಯ ಮೂತಿಗೆ ಒಂದೇ ದಿಕ್ಕು ಗೊತ್ತುಮಾಡಿ, ಆ ದಿಕ್ಕಿನ ಗೋಡೆಯಾಚೆ ಮನುಷ್ಯರ ಓಡಾಟ ಇರದಂತೆ ನೋಡಿಕೊಳ್ಳಿ. ನಡುವೆ ಯಾರಾದರೂ ಕರೆದು ಎದ್ದುಹೋದರೆ, ಮರಳಿ ಬಂದಾಗ ಈ ಪರೀಕ್ಷೆಯೆಲ್ಲ ಮೊದಲಿಂದ ಆಗಬೇಕು.

ಡಮ್ಮಿ ಎಂದರೆ ಯಾವುದೋ ಪ್ಲಾಸ್ಟಿಕ್ ತುಂಡಲ್ಲ. 28 ಗ್ರಾಂ ಚರೆ ತುಂಬಿದ 12 ಬೋರ್ ತೋಟಾ ಒಟ್ಟು 40 ಗ್ರಾಂ ಆಸುಪಾಸು ತೂಗುತ್ತದೆ. ಡಮ್ಮಿ ಅದಕ್ಕಿಂತ ಬಹಳ ಹಗುರವಾದರೆ ಕೈ ತಪ್ಪು ಪಾಠ ಕಲಿಯುತ್ತದೆ, ಸ್ಪರ್ಧೆಯ ದಿನ ನಾಲ್ಕು ತೋಟಾಗಳ ಭಾರಕ್ಕೆ ಹಿಡಿತ ಜಾರುತ್ತದೆ. ಉದ್ದವನ್ನೂ ಹೋಲಿಸಿ. ಡಬ್ಬಿಯ ಮೇಲೆ 70 ಮಿಲಿಮೀಟರ್ ಎಂದಿರುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕವಚದ ಅಳತೆ. ಬಾಯಿ ಮಡಚಿದ ಹೊಸ ತೋಟಾ ಅದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಗಿಡ್ಡ. ತಳ ಲೋಹದ್ದೇ ಇರಲಿ. ಪ್ಲಾಸ್ಟಿಕ್ ಅಂಚು ಬೇಗ ಸವೆದು, ತೋಟಾವನ್ನು ಒಳಗೆ ತಡೆದಿಡುವ ಕೊಳವೆಯ ಬಾಯಿನ ಕೊಕ್ಕೆಯಿಂದ ಜಾರತೊಡಗುತ್ತದೆ, ಆಮೇಲೆ ತಪ್ಪು ಕೈಯದೋ ಡಮ್ಮಿಯದೋ ತಿಳಿಯುವುದೇ ಇಲ್ಲ. ತಳದ ನಡುವೆ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಇರುವ ಜಾಗ ಬರಿದಾಗಿ ಕಾಣಬೇಕು, ಬಣ್ಣ ಸಜೀವ ತೋಟಾಗಳಿಗಿಂತ ಬೇರೆಯಾಗಿರಬೇಕು. ಹಳದಿ ಮಾತ್ರ ಬೇಡ. ಅದು 20 ಬೋರಿಗೆ ಮೀಸಲಾದ ಬಣ್ಣ. 20 ಬೋರ್ ತೋಟಾ 12 ಬೋರ್ ಕೋವಿಯ ಚೇಂಬರ್ ದಾಟಿ ಮುಂದೆ ಸಿಕ್ಕಿಕೊಂಡರೆ, ಹಿಂದೆ ಇನ್ನೊಂದು ತೋಟಾ ಹಾಕಿ ಹಾರಿಸಿದಾಗ ನಳಿಗೆಯೇ ಒಡೆಯುತ್ತದೆ. ಬಣ್ಣದ ಶಿಸ್ತನ್ನು ಯಾರೂ ಹಗುರಾಗಿ ಕಾಣಬಾರದು. ಸಜೀವ ತೋಟಾ ಬಿಚ್ಚಿ ಮನೆಯಲ್ಲೇ ಡಮ್ಮಿ ಮಾಡುವ ಸಾಹಸವೂ ಬೇಡ, ತಯಾರಾಗಿ ಸಿಗುವುದನ್ನೇ ಕೊಳ್ಳಿ.

ಇನ್ನು ಕೈಚಳಕ. ಹೊಸಬರೆಲ್ಲ ನೂಕುವ ಹೆಬ್ಬೆರಳಿನ ವೇಗಕ್ಕೆ ಒದ್ದಾಡುತ್ತಾರೆ. ಸಮಯ ಸೋರಿಹೋಗುವುದು ಅದಕ್ಕೂ ಮುಂಚೆ, ಬೆಲ್ಟಿನಿಂದ ತೋಟಾ ಎತ್ತುವಾಗ. ಬೆರಳುಗಳ ನಡುವೆ ತೋಟಾಗಳು ಸರಿಯಾಗಿ ಕೂತರೆ ಉಳಿದದ್ದು ತಾನಾಗಿ ಸಾಗುತ್ತದೆ. ವಕ್ರವಾಗಿ ಕೂತರೆ ಹೆಬ್ಬೆರಳಿನಲ್ಲಿ ಎಷ್ಟು ಬಲವಿದ್ದರೂ ಉಪಯೋಗವಿಲ್ಲ. ಆದ್ದರಿಂದ ಮೊದಮೊದಲು ಕೋವಿಯನ್ನು ಮುಟ್ಟಲೇಬೇಡಿ. ಬೆಲ್ಟಿನ ಹೋಲ್ಡರ್‌ನಿಂದ ಎತ್ತಿ, ಕೊಳವೆಯ ಬಾಯಿ ಇರಬೇಕಾದ ಎತ್ತರಕ್ಕೆ ತಂದು, ಕೈಯನ್ನು ನೋಡಿ. ತೋಟಾದ ಮೂತಿ ಮುಂದಕ್ಕೂ ತಳ ಹೆಬ್ಬೆರಳಿಗೂ ಬಂದಿದೆಯೇ? ಹಿಡಿತ ಬದಲಿಸದೆ ನೂಕಬಹುದೇ? ಹೋಲ್ಡರ್‌ನಲ್ಲಿ ತಳ ಮೇಲಿರಬೇಕೋ ಕೆಳಗಿರಬೇಕೋ ಎಂದು ಕೇಳುವವರಿಗೂ ಇದೇ ಉತ್ತರ. ನಿಮ್ಮ ಮಣಿಕಟ್ಟು ಯಾವ ರೀತಿ ತಿರುಗಿದರೆ ಹಿಡಿತ ಬದಲಿಸಬೇಕಾಗುವುದಿಲ್ಲವೋ ಆ ರೀತಿ ಇಡಿ. ಇಪ್ಪತ್ತು ಸಲಕ್ಕೆ ಇಪ್ಪತ್ತೂ ಸರಿಯಾಗಿ ಬರುವತನಕ ಮುಂದಿನ ಹಂತಕ್ಕೆ ಹೋಗುವ ಅವಸರ ಬೇಡ.

ಎರಡೆರಡಾಗಿ ತುಂಬುವ ಕ್ರಮದಿಂದ ಶುರುಮಾಡುವುದು ಒಳ್ಳೆಯದು. ಎರಡು ತೋಟಾ ಒಂದರ ಹಿಂದೊಂದು ಒಂದೇ ಸಾಲಿನಲ್ಲಿ ಕೈಯಲ್ಲಿರುತ್ತವೆ. ಬಲಗೈಯವರಾದರೆ ಬಲಗೈ ಹಿಡಿಯ ಮೇಲೇ ಇರಲಿ, ತೋರುಬೆರಳು ಟ್ರಿಗರ್ ಗಾರ್ಡಿನ ಹೊರಗೆ ನೀಟಾಗಿ ಚಾಚಿರಲಿ. ತುಂಬುವಾಗ ಬೆರಳು ಒಳಗೆ ಕಂಡರೆ ಸ್ಪರ್ಧೆಯಿಂದಲೇ ಹೊರಹಾಕುತ್ತಾರೆ, ಆ ನಿಯಮ ಸರಿಯಾಗಿಯೇ ಇದೆ. ಕೋವಿಯನ್ನು ಬುಡಮೇಲು ಮಾಡಿ, ಅದರ ಹಿಂಬದಿಯ ಬಟ್ಟನ್ನು ಹೆಗಲ ಮೇಲೋ ಕಂಕುಳಲ್ಲೋ ಊರಿ, ಕೊಳವೆಯ ಬಾಯಿ ಮೇಲ್ಮುಖವಾಗಿ ಕಣ್ಣಿಗೆ ಕಾಣುವಂತೆ ಹಿಡಿಯಿರಿ. ಎಡಗೈ ಜೋಡಿಯನ್ನು ತಂದು ಮುಂದಿನ ತೋಟಾದ ಮೂತಿಯನ್ನು ಬಾಯಿಗೆ ಇಟ್ಟ ಮೇಲೆ ಹೆಬ್ಬೆರಳು ಹಿಂದಿನದರ ತಳವನ್ನು ಒಂದೇ ಸಲಕ್ಕೆ, ಕೊಳವೆಗೆ ಸಮಾನಾಂತರವಾಗಿ ನೂಕಬೇಕು. ಮುಂದಿನದು ಕೊಕ್ಕೆ ದಾಟುವಾಗ ಒಂದು ಕ್ಲಿಕ್, ಹಿಂದಿನದು ದಾಟುವಾಗ ಇನ್ನೊಂದು. ಈ ಎರಡನೆಯ ಕ್ಲಿಕ್ ಕೇಳದೆ ಹೆಬ್ಬೆರಳು ವಾಪಸು ಬರಕೂಡದು.

ನಾಲ್ಕರ ಕ್ರಮ ಎಂದರೆ ಇಂಥ ಎರಡು ಜೋಡಿಗಳನ್ನು ಅಕ್ಕಪಕ್ಕ ಒಟ್ಟಿಗೇ ಎತ್ತುವುದು. ಮೊದಲ ಜೋಡಿ ಒಳಹೋದೊಡನೆ ಮಣಿಕಟ್ಟು ತುಸು ಹೊರಳಿ ಎರಡನೆಯದನ್ನು ಬಾಯಿಗೆ ತರುತ್ತದೆ. ಎರಡರ ಕ್ರಮ ಪಳಗುವ ಮುನ್ನ ಇದಕ್ಕೆ ಕೈಹಾಕಿದರೆ ನಾಲ್ಕಕ್ಕೆ ನಾಲ್ಕೂ ನೆಲದ ಪಾಲು.

ಕೆಡುವುದು ಎಲ್ಲಿ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಕೊಕ್ಕೆ ದಾಟದ ತೋಟಾ. ಹೆಬ್ಬೆರಳು ತುಸು ಬೇಗ ಹಿಂದೆ ಬಂದರೆ ಕೊಳವೆಯ ಸ್ಪ್ರಿಂಗ್ ತೋಟಾವನ್ನು ವಾಪಸು ಉಗುಳುತ್ತದೆ. ಅದು ಹೊರಗೆ ಬಿದ್ದರೆ ಪುಣ್ಯ. ತೋಟಾವನ್ನು ಚೇಂಬರಿಗೆ ಎತ್ತಿಕೊಡುವ ಲಿಫ್ಟರ್ ಮೇಲೆ, ಬೋಲ್ಟಿನ ಕೆಳಗೆ ಕೂತುಬಿಟ್ಟರೆ ಕೋವಿ ಪೂರ್ತಿ ಕಚ್ಚಿಕೊಳ್ಳುತ್ತದೆ, ಬಿಡಿಸುವಷ್ಟರಲ್ಲಿ ಆ ಸುತ್ತು ಕೈಬಿಟ್ಟಂತೆಯೇ. ತೋಟಾದ ಅಂಚು ಒಳಹೋದ ಮೇಲೂ ಹೆಬ್ಬೆರಳ ತುದಿ ಉಗುರಿನಷ್ಟು ಹಿಂಬಾಲಿಸಲಿ, ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಜೋಡಿಯಲ್ಲಿ ಮೊದಲನೆಯದು ಹೋಗಿ ಎರಡನೆಯದು ಅರ್ಧಕ್ಕೆ ನಿಲ್ಲುತ್ತಿದ್ದರೆ ನೂಕು ಓರೆಯಾಗಿದೆ, ತೋಟಾ ಬಾಯಿಯ ಅಂಚಿಗೆ ಒರಗುತ್ತಿದೆ ಎಂದು ತಿಳಿಯಿರಿ. ಮೊಣಕೈ ಸ್ವಲ್ಪ ತಗ್ಗಿಸಿ ನೋಡಿ. ಜೋಡಿ ನಡುವೆ ಮುರಿದಂತೆ ಮಡಚಿಕೊಂಡರೆ ಅಂಗೈ ಬಿಗಿ ಹೆಚ್ಚಾಗಿದೆ. ಬಿಗಿ ಹಿಂದಿನ ತೋಟಾದ ಮೇಲೆ ಸಾಕು, ಮುಂದಿನದಕ್ಕೆ ಬೆರಳುಗಳು ದಾರಿ ತೋರಿದರೆ ಆಯಿತು. ನಾಲ್ಕರ ಕ್ರಮದಲ್ಲಿ ಪಕ್ಕದ ತೋಟಾಗಳ ಅಂಚುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದೂ ಉಂಟು. ಹೋಲ್ಡರ್‌ನಲ್ಲಿ ಎರಡೂ ಸಾಲಿನ ತಳ ಒಂದೇ ಮಟ್ಟಕ್ಕೆ ಕೂರಿಸಿದರೆ ಇದು ನಿಲ್ಲುತ್ತದೆ.

ಕೆಲವು ಮಾದರಿಗಳಲ್ಲಿ ಲಿಫ್ಟರ್ ಹೆಬ್ಬೆರಳನ್ನೇ ಕಚ್ಚುತ್ತದೆ. ಚರ್ಮ ಕಿತ್ತುಬಂದ ಮೇಲೆ ಮನಸ್ಸು ಅಳುಕುತ್ತದೆ, ಅಳುಕಿದ ಹೆಬ್ಬೆರಳು ಅರ್ಧಕ್ಕೇ ಹಿಂದೆ ಸರಿಯುತ್ತದೆ, ಅಲ್ಲಿಗೆ ಮತ್ತದೇ ಮೊದಲ ದೋಷ. ಬೆರಳಿಗೆ ಬಟ್ಟೆಯ ಟೇಪು ಸುತ್ತುವುದು ತಾತ್ಕಾಲಿಕ ಉಪಾಯ. ಬಾಯಿ ಅಗಲಿಸುವುದು, ಅಂಚು ನಯಗೊಳಿಸುವುದು, ಲಿಫ್ಟರ್‌ನ ಸೀಳು ಮುಚ್ಚುವುದು ಇವೆಲ್ಲ ಬಂದೂಕು ರಿಪೇರಿಯ ಪರವಾನಗಿ ಇರುವವರ ಕೆಲಸ. ಮನೆಯಲ್ಲಿ ಅರ ಹಿಡಿದು ಕೂರುವುದು ಸಲ್ಲದು.

ಕೊನೆಯ ತೋಟಾ ಮಾತ್ರ ಒಳಹೋಗುತ್ತಿಲ್ಲ ಎಂದರೆ ಕೈಯನ್ನು ಬೈಯಬೇಡಿ, ಸ್ಪ್ರಿಂಗ್ ನೋಡಿ. ಕೊಳವೆಗೆ ಉದ್ದ ಜೋಡಿಸಿದವರು ಹಾಕುವ ಸ್ಪ್ರಿಂಗ್ ಅತಿ ಉದ್ದವಾದರೆ ಸುರುಳಿಗಳು ಒಂದಕ್ಕೊಂದು ತಾಗಿ ಗಟ್ಟಿ ಕಂಬಿಯಾಗಿಬಿಡುತ್ತವೆ, ಜಾಗವೇ ಉಳಿಯುವುದಿಲ್ಲ. ಅತಿ ಗಿಡ್ಡವಾದರೆ ಕೊನೆಯ ತೋಟಾಗಳು ಹೊರಗೆ ಬರಲು ತಡವರಿಸುತ್ತವೆ. ಮಸಿ ಹಿಡಿದ ಕೊಳವೆಯಲ್ಲಿ ಫಾಲೋವರ್ ಸೊಟ್ಟಗೆ ನಿಂತಾಗಲೂ ಇದೇ ಲಕ್ಷಣ. ಕೊಳವೆಯನ್ನು ಒಣಗಿಸಿ ಒರೆಸಿ, ಎಣ್ಣೆ ತೆಳ್ಳಗಿರಲಿ. ಜಿಡ್ಡಿದ್ದಲ್ಲಿ ಮರಳು ಅಂಟುತ್ತದೆ.

ತೋಟಾದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಚರೆಯ ತೋಟಾದ ಮಡಚಿದ ಮೂತಿ ನುಣುಪಾಗಿ ಜಾರುತ್ತದೆ. ಒಂಟಿ ಗುಂಡಿನ ಸ್ಲಗ್ ತೋಟಾದ ಸುರುಳಿ ಅಂಚು ಬಾಯಿಗೆ ತಗುಲಿ ನಿಲ್ಲಬಹುದು. ಅದೇ ಆಕಾರದ ಡಮ್ಮಿಗಳೂ ನಾಲ್ಕಾರು ಇರಲಿ.

ಚೇಂಬರ್ ಕೂಡ ಬರಿದಾಗಿ ಬೋಲ್ಟ್ ಹಿಂದೆ ನಿಂತಾಗ ಕೊಳವೆ ತುಂಬುತ್ತಾ ಕೂರಬೇಡಿ. ಕವಚ ಹೊರಬೀಳುವ ಕಿಂಡಿಯಿಂದ ಒಂದು ತೋಟಾ ಒಳಗೆ ಹಾಕಿ, ಬೋಲ್ಟ್ ಬಿಟ್ಟು, ಆ ಗುರಿ ಮುಗಿಸಿ. ಇದನ್ನೂ ಬೇರೆಯಾಗಿಯೇ ಅಭ್ಯಾಸ ಮಾಡಬೇಕು, ಇಲ್ಲಿ ಹಿಡಿತವೇ ಬೇರೆ. ಅದಕ್ಕಿಂತ ಒಳ್ಳೆಯದು ಚೇಂಬರಿನಲ್ಲಿ ಒಂದು ಇರುವಾಗಲೇ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುತ್ತಾ ತುಂಬುವುದು. ಹೇಗಿದ್ದರೂ ನಡೆಯಲೇಬೇಕಾದ ದೂರವದು, ಆ ವೇಳೆಯಲ್ಲಿ ತುಂಬಿದ್ದಕ್ಕೆ ಬೇರೆ ಸಮಯ ಕೊಡಬೇಕಾಗಿಲ್ಲ. ಆದರೆ ನಡೆಯುವಾಗ ಸೊಂಟ ತಿರುಗಿದ ಹಾಗೆ ಮೂತಿಯೂ ಪಕ್ಕಕ್ಕೆ ತಿರುಗುತ್ತದೆ, ಬುಡಮೇಲಾದ ಕೋವಿಯಲ್ಲಂತೂ ಅದು ಗಮನಕ್ಕೇ ಬರುವುದಿಲ್ಲ. ಮೂತಿ ಅದಕ್ಕೆ ಗೊತ್ತುಮಾಡಿದ ಸುರಕ್ಷಿತ ಕೋನ ದಾಟಿದರೆ ಸ್ಪರ್ಧೆ ಅಲ್ಲಿಗೇ ಮುಗಿಯಿತು. ನಡೆಯುತ್ತಾ ಮಾಡುವ ತಾಲೀಮಿನಲ್ಲಿ ಇನ್ನೊಬ್ಬರು ಹಿಂದೆ ನಿಂತು ಮೂತಿಯನ್ನಷ್ಟೇ ಗಮನಿಸಲಿ.

ದಿನಕ್ಕೆ ಹದಿನೈದು ನಿಮಿಷ ಸಾಕು, ಹೆಬ್ಬೆರಳು ನೋಯತೊಡಗಿದರೆ ಅಂದಿಗೆ ನಿಲ್ಲಿಸಿ. ಟೈಮರ್‌ನಲ್ಲಿ ಗಡುವು ಇಟ್ಟುಕೊಳ್ಳಿ. ಹತ್ತಕ್ಕೆ ಒಂಬತ್ತು ಸಲ ಆ ಗಡುವಿನೊಳಗೆ ಚೊಕ್ಕಟವಾಗಿ ಆದರೆ ಕಾಲು ಸೆಕೆಂಡು ಇಳಿಸಿ, ಆಗದಿದ್ದರೆ ಅರ್ಧ ಸೆಕೆಂಡು ಏರಿಸಿ. ಒಟ್ಟು ಸಮಯ ಅಳೆದು ಬಿಡುವುದರಿಂದ ಹೆಚ್ಚೇನೂ ತಿಳಿಯದು. ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಮೂರು ತುಂಡಾಗಿ ನೋಡಿ: ಸದ್ದಾದಾಗಿನಿಂದ ಕೈ ಬೆಲ್ಟಿಗೆ ತಲುಪುವವರೆಗೆ, ಅಲ್ಲಿಂದ ಮೊದಲ ಕ್ಲಿಕ್‌ವರೆಗೆ, ಕೊನೆಯ ಕ್ಲಿಕ್‌ನಿಂದ ಕೋವಿ ಮತ್ತೆ ಹೆಗಲಿಗೆ ಕೂರುವವರೆಗೆ. ತೋಟಾ ಎತ್ತುವುದು ಪಳಗಿದ ಮೇಲೂ ಅನೇಕರ ನಷ್ಟ ಮೂರನೆಯ ತುಂಡಿನಲ್ಲಿರುತ್ತದೆ. ತುಂಬಿ ಮುಗಿಯಿತು ಎಂದು ಕೈ ಒಂದು ಗಳಿಗೆ ವಿಶ್ರಾಂತಿ ಪಡೆಯುತ್ತದೆ.

ತುಂಬಿದ ಡಮ್ಮಿಗಳನ್ನು ಬೋಲ್ಟ್ ಎಳೆದೆಳೆದು ಹೊರತೆಗೆಯಬೇಡಿ, ಅಂಚುಗಳು ಹಾಳಾಗುತ್ತವೆ. ಬಹುತೇಕ ಕೋವಿಗಳಲ್ಲಿ ಕೊಕ್ಕೆಯನ್ನು ಬೆರಳಿಂದ ಒತ್ತಿದರೆ ಒಂದೊಂದಾಗಿ ಕೈಗೆ ಬರುತ್ತವೆ. ಎಣಿಸಿ ತುಂಬಿ, ಎಣಿಸಿ ತೆಗೆಯಿರಿ, ಒಂದು ಕಡಿಮೆಯಾದರೂ ಹುಡುಕದೆ ಏಳಬೇಡಿ.

ಶೂಟಿಂಗ್ ಕ್ಲಬ್‌ಗಳಲ್ಲಿ ನನ್ನ ವಿನಂತಿ ಇಷ್ಟು. ಹೊಸಬರ ಕೈಗೆ ಸಜೀವ ತೋಟಾ ಕೊಡುವ ಮುನ್ನ ರೇಂಜ್ ಅಧಿಕಾರಿಯ ಸಮಕ್ಷಮದಲ್ಲಿ ಡಮ್ಮಿಗಳೊಡನೆ ಒಂದು ಪೂರ್ತಿ ತರಗತಿ ನಡೆಸಿ, ಅದಕ್ಕೆ ಬೇಕಾದ ಎರಡು ಡಜನ್ ಡಮ್ಮಿಗಳನ್ನು ಕ್ಲಬ್‌ನ ಖರ್ಚಿನಲ್ಲೇ ಇಡಿ. ನಿಮ್ಮ ಕ್ರೀಡಾ ವರದಿಗಾರರೂ ಮುಂದಿನ ಸ್ಪರ್ಧೆಗೆ ಹೋದಾಗ ಫಲಿತಾಂಶದ ಪಟ್ಟಿಯಲ್ಲಿ ಅಂಕದ ಪಕ್ಕದಲ್ಲಿ ಸೆಕೆಂಡುಗಳನ್ನೂ ಅಚ್ಚು ಹಾಕಲಿ.

ಇತಿ,
ಒಬ್ಬ ಶಾಟ್‌ಗನ್ ತರಬೇತುದಾರ