ಜಯಂತಿಯ ವಂತಿಗೆಯಲ್ಲಿ ಓದುವ ಕೋಣೆಗೂ ಪಾಲಿರಲಿ

ಮಾನ್ಯರೇ,

ಏಪ್ರಿಲ್ 14ರಂದು ಕಲಬುರಗಿಯ ಜಗತ್ ವೃತ್ತದ ಅಂಬೇಡ್ಕರ್ ಪ್ರತಿಮೆಗೆ ಮಾಲೆ ಹಾಕಲು ಬೆಳಗಿನಿಂದಲೇ ಜನ ಸೇರುವುದನ್ನು, ನೀಲಿ ಬಾವುಟ ಹಿಡಿದ ಮಕ್ಕಳನ್ನು ತಂದೆಯಂದಿರು ಹೆಗಲ ಮೇಲೆ ಹೊತ್ತು ತರುವುದನ್ನು ಕಂಡಾಗ ಮನಸ್ಸು ತುಂಬಿ ಬರುತ್ತದೆ. ಬೀದಿಯಲ್ಲಿ ತಲೆಯೆತ್ತಿ ನಡೆಯಲೂ ಬಿಡದಿದ್ದ ಕಾಲವನ್ನು ಹಿರಿಯರಿಂದ ಕೇಳಿ ಬಲ್ಲ ನಮಗೆ ಈ ಮೆರವಣಿಗೆ ಹಬ್ಬಕ್ಕಿಂತ ದೊಡ್ಡದು.

ಆದರೆ ನಮ್ಮ ಬಡಾವಣೆಯಲ್ಲಿ ಕೂಡಿಸಿದ ವಂತಿಗೆಯ ಬಹುಪಾಲು ಡಿ.ಜೆ. ಬಾಡಿಗೆಗೇ ಹೋಗುತ್ತಿದೆ. ಕಳೆದ ವರ್ಷ ಪರೀಕ್ಷೆಗೆ ಓದುತ್ತಿದ್ದ ಪಕ್ಕದ ಮನೆಯ ಹುಡುಗಿ ಆ ಅಬ್ಬರ ತಾಳಲಾರದೆ, ಕಿವಿಗೆ ಹತ್ತಿ ಇಟ್ಟುಕೊಂಡು ನಮ್ಮ ಹಿಂದಿನ ಕೋಣೆಯಲ್ಲಿ ರಾತ್ರಿ ಹನ್ನೊಂದರವರೆಗೆ ಕುಳಿತಿದ್ದಳು. ದಾದರಿನ ತಮ್ಮ ಮನೆ ರಾಜಗೃಹದಲ್ಲಿ ಸಾವಿರಾರು ಪುಸ್ತಕಗಳಿಗೆ ಜಾಗ ಮಾಡಿದ, 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದ ಬಾಬಾಸಾಹೇಬರ ಜನ್ಮದಿನದಂದು ಹೀಗಾಗಿದ್ದು ನನಗೆ ಬಹಳ ನೋವು ತಂದಿತು. ಮೆರವಣಿಗೆಗೆ ನಮ್ಮ ಹಲಗೆಯ ಸದ್ದು ಸಾಲದೇ?

ಈ ಸಲ ಜಯಂತಿ ಸಮಿತಿಗಳು ವಂತಿಗೆಯ ಒಂದು ಪಾಲನ್ನು ತೆಗೆದಿರಿಸಿ, ಸಮುದಾಯ ಭವನಗಳಲ್ಲಿ ನಾಲ್ಕು ಮೇಜು, ಎರಡು ಫ್ಯಾನು, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳಿರುವ ಓದುವ ಕೋಣೆ ಆರಂಭಿಸಬೇಕು. ಅದರ ವಿದ್ಯುತ್ ವೆಚ್ಚವನ್ನು ಮಹಾನಗರ ಪಾಲಿಕೆ ಭರಿಸಬೇಕೆಂದು ಕೋರುತ್ತೇನೆ.

ಓರ್ವ ಓದುಗ, ಕಲಬುರಗಿ